ಕಾರ್ಪೆಟ್‌ಗೆ ಹತ್ತಿದ ಬೆಕ್ಕಿನ ಉಚ್ಚೆ ವಾಸನೆ: ಬುಡಸಮೇತ ತೆಗೆಯುವ ಬಗೆ

ಕಾರ್ಪೆಟ್ ತಿಕ್ಕಿ ತೊಳೆದಾಯಿತು, ಕಿಟಕಿ ತೆರೆದಿಟ್ಟಾಯಿತು, ಸುವಾಸನೆಯ ಸ್ಪ್ರೇ ಕೂಡ ಹೊಡೆದಾಯಿತು. ಕೆಲವು ದಿನ ಏನೂ ಇಲ್ಲ. ಆಮೇಲೆ ಒಂದು ಮಳೆ ಬಂದು ಗಾಳಿ ತೇವವಾಯಿತೋ ಇಲ್ಲವೋ, ಅದೇ ಮೂಲೆಯಿಂದ ಅದೇ ಘಾಟು. ಬೆಕ್ಕು ಸಾಕಿದ ಮನೆಗಳಲ್ಲಿ ಇದು ಮಾಮೂಲಿ. ತೊಳೆದವರ ಶ್ರಮದಲ್ಲಿ ಕೊರತೆಯೇನೂ ಇರುವುದಿಲ್ಲ. ಅವರು ತೊಳೆದಿರುವುದು ಕಾರ್ಪೆಟ್ಟಿನ ಮೇಲ್ಮೈ, ವಾಸನೆ ಕೂತಿರುವುದು ಅದರ ಬುಡದಲ್ಲಿ, ಎಷ್ಟೋ ಸಲ ಅದಕ್ಕೂ ಕೆಳಗೆ.

ಮುಂದೆ ಹೇಳುವ ಎಲ್ಲ ಕೆಲಸವೂ ಒಂದೇ ಸೂತ್ರದ ಮೇಲೆ ನಿಂತಿದೆ. ಉಚ್ಚೆ ಎಷ್ಟು ಆಳಕ್ಕೆ, ಎಷ್ಟು ಅಗಲಕ್ಕೆ ಇಳಿದಿದೆಯೋ ನೀವು ಹಾಕುವ ದ್ರಾವಣವೂ ಅಷ್ಟು ಆಳಕ್ಕೆ, ಅಷ್ಟು ಅಗಲಕ್ಕೆ ಇಳಿಯಬೇಕು. ಅಲ್ಲಿ ಸಾಕಷ್ಟು ಹೊತ್ತು ಒದ್ದೆಯಾಗಿ ಇರಬೇಕು. ಆಮೇಲೆ ಪೂರ್ತಿ ಹೊರಗೆ ಬರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ವಾಸನೆ ವಾಪಸ್ ಬರುತ್ತದೆ.

ಇದು ಯಾಕಿಷ್ಟು ಹಠಮಾರಿ ವಾಸನೆ

ಸಾಕು ಬೆಕ್ಕಿನ ಪೂರ್ವಜರು ಒಣನಾಡಿನ ಕಾಡುಬೆಕ್ಕುಗಳು. ನೀರಿಗೆ ಬರವಿರುವ ಕಡೆ ಬದುಕಿದ ಪ್ರಾಣಿಯಾದ್ದರಿಂದ ಅದರ ಮೂತ್ರಪಿಂಡ ನೀರನ್ನು ದೇಹದಲ್ಲೇ ಉಳಿಸಿಕೊಂಡು, ಬೇಡದ್ದನ್ನು ಗಟ್ಟಿಯಾಗಿ ಹೊರಹಾಕುತ್ತದೆ. ಸ್ವಲ್ಪವೇ ಉಚ್ಚೆಗೆ ಅಷ್ಟೊಂದು ನಾತ ಇರುವುದು ಇದರಿಂದಲೇ.

ಆಗಷ್ಟೇ ಹೊಯ್ದ ಉಚ್ಚೆ ಅಷ್ಟೇನೂ ನಾರುವುದಿಲ್ಲ. ಗಂಟೆಗಳು ಕಳೆದಂತೆ ಬ್ಯಾಕ್ಟೀರಿಯಾ ಅದರಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಕಣ್ಣು ಉರಿಸುವ ಮೊದಲ ಘಾಟು ಅದೇ. ಇದರ ಜೊತೆಗೆ ಬೆಕ್ಕುಗಳಿಗೇ ವಿಶೇಷವಾದ ಇನ್ನೊಂದು ವಸ್ತುವಿದೆ, ಫೆಲಿನೈನ್ ಎಂಬ ಗಂಧಕದ ಅಂಶವಿರುವ ಅಮೈನೋ ಆಮ್ಲ. ಅದು ಒಡೆದಾಗ ಹುಟ್ಟುವ ಗಂಧಕದ ಸಂಯುಕ್ತಗಳೇ ‘ಇದು ಬೆಕ್ಕಿನದ್ದೇ’ ಎಂದು ಬಾಗಿಲಲ್ಲೇ ಗುರುತು ಹಿಡಿಸುವ ವಾಸನೆ. ಸಂತಾನಹರಣ ಮಾಡಿಸದ ಗಂಡು ಬೆಕ್ಕಿನಲ್ಲಿ ಫೆಲಿನೈನ್ ಹೆಚ್ಚು, ಹಾಗಾಗಿ ಅದರ ಉಚ್ಚೆಯ ನಾತವೂ ಜಾಸ್ತಿ. ಮೂರನೆಯದು ಯೂರಿಕ್ ಆಮ್ಲ ಮತ್ತು ಅದರ ಲವಣಗಳು. ಪ್ರಮಾಣ ಕಡಿಮೆಯಾದರೂ ಇವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಸೋಪುನೀರಿಗೆ ಬಣ್ಣ ಹೋಗುತ್ತದೆ, ಯೂರಿಯಾ ಹೋಗುತ್ತದೆ, ಇವು ಮಾತ್ರ ನೂಲಿನ ಬುಡದಲ್ಲಿ ಹರಳಾಗಿ ಅಂಟಿಕೊಂಡಿರುತ್ತವೆ. ಗಾಳಿಯ ತೇವ ತಗುಲಿದಾಗ ಉಳಿಕೆಯೆಲ್ಲ ಮತ್ತೆ ನೆನೆದು ವಾಸನೆ ಬಿಡುತ್ತದೆ.

ಕಾರ್ಪೆಟ್ಟಿನ ರಚನೆಯನ್ನೂ ಒಮ್ಮೆ ನೆನಪಿಗೆ ತಂದುಕೊಳ್ಳಿ. ಮೇಲೆ ನಮಗೆ ಕಾಣುವ ನೂಲು, ಅದನ್ನು ಹಿಡಿದಿಡುವ ಬೆನ್ನಿನ ಪದರ, ನೆಲಕ್ಕೆ ಪೂರ್ತಿ ಹಾಸಿದ ಕಾರ್ಪೆಟ್ಟಾದರೆ ಅದರ ಕೆಳಗೆ ಸ್ಪಂಜಿನಂಥ ಮೆತ್ತೆ, ಅದರ ಕೆಳಗೆ ನೆಲ. ನಾಲ್ಕು ಕೆಜಿಯ ಬೆಕ್ಕು ಒಂದು ಸಲಕ್ಕೆ ಹೆಚ್ಚುಕಡಿಮೆ ಎರಡು ಮೂರು ದೊಡ್ಡ ಚಮಚದಷ್ಟು ಹೊಯ್ಯುತ್ತದೆ. ಅದು ನೂಲಿನಲ್ಲಿ ನೇರ ಕೆಳಗಿಳಿದು, ಮೆತ್ತೆ ಸಿಕ್ಕಿದ ಮೇಲೆ ಅಡ್ಡಕ್ಕೆ ಹರಡುತ್ತದೆ. ಹಳೆಯ ಕಲೆಯಿರುವ ಮೂಲೆಯನ್ನು ಎತ್ತಿ ನೋಡಿದರೆ ಗೊತ್ತಾಗುತ್ತದೆ: ಮೇಲೆ ಅಂಗೈಯಗಲದ ಮಸುಕು ಗುರುತು, ಅಡಿಯಲ್ಲಿ ಅದರ ಎರಡರಷ್ಟು ಅಗಲದ ಹಳದಿಮಿಶ್ರಿತ ಕಂದು ವೃತ್ತ, ಅಂಚಿನಲ್ಲಿ ಗಾಢವಾದ ಗೆರೆ. ಆ ಕೆಳಗಿನ ವೃತ್ತವೇ ನಿಮ್ಮ ಕೆಲಸದ ಅಳತೆ.

ಈಗತಾನೇ ಹೊಯ್ದಿದ್ದರೆ

ಕೈಗೆ ಸಿಕ್ಕ ಒಣಬಟ್ಟೆ ಅಥವಾ ಟವೆಲ್ ತನ್ನಿ. ನಾಲ್ಕು ಮಡಿಕೆ ಮಾಡಿ ಒದ್ದೆಯ ಮೇಲೆ ಹಾಸಿ, ಅದರ ಮೇಲೆ ನಿಂತುಬಿಡಿ. ಕೈಯಲ್ಲಿ ಒತ್ತುವುದಕ್ಕಿಂತ ಮೈಭಾರ ಹೆಚ್ಚು ಹೀರಿಸುತ್ತದೆ. ಬಟ್ಟೆ ನೆನೆದರೆ ಇನ್ನೊಂದು. ಬಟ್ಟೆಗೆ ತೇವ ಹತ್ತುವುದು ನಿಲ್ಲುವವರೆಗೂ ಇದನ್ನೇ ಮಾಡಿ. ಈ ಹಂತದಲ್ಲಿ ತೆಗೆದ ಒಂದೊಂದು ಚಮಚವೂ ಮುಂದಿನ ದಿನಗಳ ಕೆಲಸವನ್ನು ಉಳಿಸುತ್ತದೆ, ಆದ್ದರಿಂದ ಬೇಸರಪಡದೆ ಮಾಡಿ.

ಯಾವ ಕಾರಣಕ್ಕೂ ಉಜ್ಜಬೇಡಿ. ಉಜ್ಜಿದರೆ ಉಚ್ಚೆ ಇನ್ನೂ ಆಳಕ್ಕೆ, ಅಕ್ಕಪಕ್ಕಕ್ಕೆ ಹೋಗುತ್ತದೆ, ನೂಲೂ ಹರಿದು ಗುಂಜು ಏಳುತ್ತದೆ.

ಬಟ್ಟೆ ಹೀರುವಷ್ಟೂ ಹೀರಿದ ಮೇಲೆ ತಣ್ಣೀರು ಸ್ವಲ್ಪ ಸುರಿದು ಮತ್ತೆ ಅದೇ ರೀತಿ ಹೀರಿಸಿ. ಒದ್ದೆ ಎಳೆಯುವ ವ್ಯಾಕ್ಯೂಮ್ ಇದ್ದರೆ ಬಹಳ ಒಳ್ಳೆಯದು, ನೀರು ಹಾಕುವುದು ಮತ್ತು ಎಳೆಯುವುದು ಎರಡು ಮೂರು ಸುತ್ತು ಮಾಡಿ. ಮಾಮೂಲಿ ಧೂಳು ಹೀರುವ ವ್ಯಾಕ್ಯೂಮನ್ನು ಒದ್ದೆಗೆ ಹಾಕಬೇಡಿ, ಕರೆಂಟ್ ಹೊಡೆಯುವ ಅಪಾಯವಿದೆ. ಇಷ್ಟಾದ ಮೇಲೆ, ಮುಂದೆ ವಿವರಿಸುವ ಎಂಜೈಮ್ (ಕಿಣ್ವ) ಕ್ಲೀನರ್ ಹಂತಕ್ಕೆ ಹೋಗಬಹುದು.

ಹಳೆಯದಾದರೆ ಮೊದಲು ಜಾಗ ಹುಡುಕಿ

ವಾಸನೆ ಬರುತ್ತಿದೆ, ಎಲ್ಲಿಂದ ಎಂದು ಗೊತ್ತಿಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ, ಅಂದಾಜಿನ ಮೇಲೆ ಒಂದು ಕಡೆ ತೊಳೆದು, ನಿಜವಾದ ಕಲೆಯನ್ನು ಪಕ್ಕದಲ್ಲೇ ಬಿಟ್ಟಿರುತ್ತಾರೆ.

ಅತಿನೇರಳೆ ಬೆಳಕಿನ ಸಣ್ಣ ಟಾರ್ಚ್ ಇದಕ್ಕೆ ಹೇಳಿಮಾಡಿಸಿದ ಸಾಧನ. 365ರಿಂದ 395 ನ್ಯಾನೋಮೀಟರ್ ಅಂತ ಬರೆದಿರುವುದನ್ನು ನೋಡಿ ಕೊಳ್ಳಿ. ರಾತ್ರಿ ಎಲ್ಲ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ಹತ್ತಿರ ಹಿಡಿದು ನಿಧಾನಕ್ಕೆ ಸಾಗಿ. ಒಣಗಿದ ಉಚ್ಚೆ ಮಂಕಾದ ಹಳದಿ ಅಥವಾ ಹಳದಿಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಆದರೆ ಹೊಳೆದದ್ದೆಲ್ಲ ಉಚ್ಚೆಯಲ್ಲ. ಬಟ್ಟೆ ಸೋಪಿನ ಉಳಿಕೆ, ಕೆಲವು ಪಾನೀಯಗಳ ಕಲೆ, ವಾಂತಿಯ ಕಲೆ ಇವೂ ಹೊಳೆಯುತ್ತವೆ. ಸೋಪಿನದ್ದು ಸಾಮಾನ್ಯವಾಗಿ ನೀಲಿಬಿಳುಪು. ಅನುಮಾನ ಬಂದ ಜಾಗಕ್ಕೆ ಬಿಸಿನೀರಲ್ಲಿ ನೆನೆಸಿ ಹಿಂಡಿದ ಬಿಳಿ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿಹಿಡಿಯಿರಿ. ಆಮೇಲೆ ಆ ಬಟ್ಟೆಯನ್ನು ಕೋಣೆಯಿಂದ ಆಚೆ ಒಯ್ದು ಮೂಸಿ. ಶಾಖ ಮತ್ತು ತೇವ ಸೇರಿ ಅಡಗಿದ್ದ ವಾಸನೆಯನ್ನು ಬಟ್ಟೆಗೆ ಎಳೆದಿರುತ್ತವೆ, ಉಚ್ಚೆಯಾದರೆ ತಪ್ಪದೆ ಗೊತ್ತಾಗುತ್ತದೆ. ಆಚೆ ಒಯ್ಯಲು ಹೇಳಿದ್ದಕ್ಕೆ ಕಾರಣವಿದೆ. ಅದೇ ಕೋಣೆಯಲ್ಲಿ ಇದ್ದವರ ಮೂಗು ವಾಸನೆಗೆ ಒಗ್ಗಿಹೋಗಿರುತ್ತದೆ.

ಸಿಕ್ಕ ಒಂದೊಂದು ಕಲೆಯ ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆಯಿರಿ ಅಥವಾ ಕಾಗದದ ಟೇಪ್ ಅಂಟಿಸಿ. ದೀಪ ಹಾಕಿದ ಮೇಲೆ ಕಲೆ ಕಾಣುವುದಿಲ್ಲ, ಗುರುತು ಮಾತ್ರ ಉಳಿಯುತ್ತದೆ. ಗೆರೆಯನ್ನು ಕಲೆಯ ಅಂಚಿಗೆ ಸರಿಯಾಗಿ ಎಳೆಯದೆ ನಾಲ್ಕು ಬೆರಳು ಆಚೆಗೆ ಎಳೆಯಿರಿ. ಕೆಳಗಿನ ವೃತ್ತ ಯಾವಾಗಲೂ ದೊಡ್ಡದು. ಗೋಡೆ ಅಂಚು, ಬಾಗಿಲ ಮೂಲೆ, ಸೋಫಾದ ಹಿಂದೆ ಮರೆಯದೆ ನೋಡಿ. ಗೋಡೆಯ ಮೇಲೂ ಟಾರ್ಚ್ ಹಾಯಿಸಿ. ಗೋಡೆಯಲ್ಲಿ ಒಂದಡಿ ಎತ್ತರದಿಂದ ಕೆಳಕ್ಕೆ ಇಳಿದ ಗೆರೆ ಕಂಡರೆ ಬೆಕ್ಕು ಕೂತು ಹೊಯ್ದದ್ದಲ್ಲ, ನಿಂತು ಚಿಮ್ಮಿಸಿದ್ದು. ಇದು ಬೇರೆಯದೇ ಸ್ವಭಾವದ ಸಮಸ್ಯೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಎಂಜೈಮ್ ಕ್ಲೀನರ್: ನಿಜವಾದ ಕೆಲಸ ಇಲ್ಲಿದೆ

ಸಾಕುಪ್ರಾಣಿಗಳ ಉಚ್ಚೆಗೆಂದೇ ಬರುವ ಎಂಜೈಮ್ ಕ್ಲೀನರ್‌ನಲ್ಲಿ ಕಿಣ್ವಗಳು, ಕೆಲವದರಲ್ಲಿ ನಿರುಪದ್ರವಿ ಬ್ಯಾಕ್ಟೀರಿಯಾ ಕೂಡ ಇರುತ್ತವೆ. ವಾಸನೆಯ ಮೂಲವಸ್ತುವನ್ನೇ ಇವು ಒಡೆದು ಹಾಕುತ್ತವೆ. ಮುಚ್ಚಿಹಾಕುವ ಸ್ಪ್ರೇಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಬಾಟಲಿಯ ಮೇಲೆ ಬೆಕ್ಕಿನ ಉಚ್ಚೆಗೆ ಎಂದು ಸ್ಪಷ್ಟವಾಗಿ ಬರೆದಿರಲಿ, ಅವಧಿ ಮೀರಿರದಿರಲಿ.

ಇದು ಕೆಲಸ ಮಾಡಲಿಲ್ಲ ಎಂದು ದೂರುವವರು ಬಹಳ. ಕೇಳಿನೋಡಿದರೆ ಬಹುತೇಕ ಎಲ್ಲರೂ ಸ್ಪ್ರೇ ಬಾಟಲಿಯಿಂದ ನಾಲ್ಕು ಸಲ ಚಿಮುಕಿಸಿ, ಹತ್ತು ನಿಮಿಷಕ್ಕೆ ಒರೆಸಿರುತ್ತಾರೆ. ಅಷ್ಟು ದ್ರವ ನೂಲಿನ ತುದಿಯನ್ನು ದಾಟುವುದೇ ಇಲ್ಲ. ಹೀಗೆ ಮಾಡಿ:

1. ಮೊದಲು ಮಂಚದಡಿಯಂಥ ಕಾಣದ ಜಾಗದಲ್ಲಿ ಸ್ವಲ್ಪ ಹಾಕಿ, ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ.

2. ಇದಕ್ಕೆ ಮುಂಚೆ ಬೇರೆ ಸೋಪು, ವಿನೆಗರ್, ಕ್ರಿಮಿನಾಶಕ ಏನಾದರೂ ಹಾಕಿದ್ದರೆ ತಣ್ಣೀರು ಹಾಕಿ ಹೀರಿಸಿ ತೆಗೆದುಬಿಡಿ. ಅವುಗಳ ಉಳಿಕೆ ಕಿಣ್ವವನ್ನು ಕೆಡಿಸುತ್ತದೆ. ಬಿಸಿನೀರು ಬೆರೆಸಬೇಡಿ, ಕಿಣ್ವಕ್ಕೆ ಅದೂ ಆಗದು.

3. ಗುರುತು ಮಾಡಿದ ಇಡೀ ವೃತ್ತಕ್ಕೆ ಸುರಿಯಿರಿ. ಹೊರಗಿನ ಅಂಚಿನಿಂದ ಶುರುಮಾಡಿ ನಡುವಿಗೆ ಬನ್ನಿ, ಕಲೆ ಹೊರಗೆ ಹರಡುವುದಿಲ್ಲ. ಉಚ್ಚೆ ಎಷ್ಟಿತ್ತೋ ಕನಿಷ್ಠ ಅಷ್ಟು, ಹಳೆಯದಾದರೆ ಅದಕ್ಕಿಂತ ಹೆಚ್ಚು. ಮೆತ್ತೆಯವರೆಗೂ ತಲುಪಿಸಲು ಸೂಜಿಯಿಲ್ಲದ ದೊಡ್ಡ ಸಿರಿಂಜ್ ಒಳ್ಳೆಯ ಉಪಾಯ, ನೂಲನ್ನು ಬಿಡಿಸಿ ಅದರ ತುದಿಯನ್ನು ಬುಡಕ್ಕೆ ಒತ್ತಿ, ಎರಡೆರಡು ಬೆರಳಿನ ಅಂತರದಲ್ಲಿ ತಳ್ಳುತ್ತಾ ಹೋಗಿ.

4. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಭಾರ ಇಡಿ. ಕಿಣ್ವ ಕೆಲಸ ಮಾಡುವುದು ಒದ್ದೆ ಇರುವಷ್ಟು ಹೊತ್ತು ಮಾತ್ರ. ಬಾಟಲಿಯ ಮೇಲೆ ಹೇಳಿದಷ್ಟು ಸಮಯ ಬಿಡಿ. ಹಳೆಯ ಕಲೆಗೆ ಸಾಮಾನ್ಯವಾಗಿ ಇಡೀ ರಾತ್ರಿ ಬೇಕಾಗುತ್ತದೆ.

5. ಪ್ಲಾಸ್ಟಿಕ್ ತೆಗೆದು, ಟವೆಲ್ ಹಾಸಿ ನಿಂತು ಹೀರಿಸಿ, ಗಾಳಿಗೆ ಒಣಗಲು ಬಿಡಿ.

ನಡುವೆ ವಾಸನೆ ಹೆಚ್ಚಾಯಿತು ಎಂದು ಗಾಬರಿಯಾಗಬೇಡಿ. ಒಣಗಿ ಕೂತಿದ್ದದ್ದು ನೆನೆದು ಒಡೆಯುತ್ತಿರುವಾಗ ಒಂದೆರಡು ದಿನ ಘಾಟು ಜಾಸ್ತಿಯಾಗುವುದು ಸಹಜ. ಪೂರ್ತಿ ಒಣಗಿದ ಮೇಲೆಯೇ ತೀರ್ಮಾನಿಸಿ. ಇನ್ನೂ ಉಳಿದಿದ್ದರೆ ಮತ್ತೊಮ್ಮೆ ಇದೇ ಕ್ರಮ. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಹೊಯ್ದಿದ್ದರೆ ಎರಡು ಮೂರು ಸುತ್ತು ಬೇಕೇ ಬೇಕು.

ಮನೆಯಲ್ಲೇ ಇರುವ ವಸ್ತುಗಳು

ವಿನೆಗರ್ ಬಗ್ಗೆ ಎಲ್ಲೆಡೆ ಹೇಳುತ್ತಾರೆ. ಬಿಳಿ ವಿನೆಗರ್‌ಗೆ ಸಮಪ್ರಮಾಣ ನೀರು ಬೆರೆಸಿ ಹಾಕಿದರೆ ಅದರ ಆಮ್ಲ ಅಮೋನಿಯಾವನ್ನು ಕಟ್ಟಿಹಾಕುತ್ತದೆ, ಘಾಟು ತಕ್ಷಣ ಇಳಿಯುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದೇ. ಗಂಧಕದ ವಾಸನೆಗೆ, ಯೂರಿಕ್ ಆಮ್ಲದ ಹರಳಿಗೆ ಅದರಿಂದ ಏನೂ ಆಗುವುದಿಲ್ಲ. ಎಂಜೈಮ್ ಕ್ಲೀನರ್ ಸಿಗುವವರೆಗಿನ ತುರ್ತು ಉಪಾಯ ಎಂದಷ್ಟೇ ನಾನು ಅದನ್ನು ಪರಿಗಣಿಸುತ್ತೇನೆ.

ಕಾರ್ಪೆಟ್ ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿದರೆ ಮೇಲಿನ ಉಳಿಕೆ ವಾಸನೆ ಕಡಿಮೆಯಾಗುತ್ತದೆ. ಬುಡಕ್ಕೆ ಅದು ಮುಟ್ಟುವುದಿಲ್ಲ.

ಇವೆರಡಕ್ಕಿಂತ ಬಲವಾದದ್ದು ಔಷಧಿ ಅಂಗಡಿಯ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಇದು ಗಂಧಕದ ಸಂಯುಕ್ತಗಳನ್ನು ಉತ್ಕರ್ಷಿಸಿ ವಾಸನೆ ಕೊಲ್ಲುತ್ತದೆ. ಜಾಗದ ಮೇಲೆ ತೆಳ್ಳಗೆ ಅಡುಗೆ ಸೋಡಾ ಉದುರಿಸಿ, ಅರ್ಧ ಕಪ್ ಪೆರಾಕ್ಸೈಡ್‌ಗೆ ಒಂದು ಚಿಕ್ಕ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಅದರ ಮೇಲೆ ಹಾಕಿ, ಕಾಲು ಗಂಟೆ ಬಿಟ್ಟು ಹೀರಿಸಿ, ತಣ್ಣೀರಿನಿಂದ ತೊಳೆದು ಮತ್ತೆ ಹೀರಿಸಿ. ಇದು ಬಣ್ಣ ತೆಗೆಯಬಲ್ಲದು, ಹಾಗಾಗಿ ಕಾಣದ ಜಾಗದ ಪರೀಕ್ಷೆ ಇಲ್ಲಿ ಕಡ್ಡಾಯ. ಬೆರೆಸಿದ್ದನ್ನು ಮುಚ್ಚಿದ ಬಾಟಲಿಯಲ್ಲಿ ಇಡಬೇಡಿ, ಒಳಗೆ ಗಾಳಿ ತುಂಬಿ ಸಿಡಿಯುತ್ತದೆ. ವಿನೆಗರ್ ಜೊತೆ ಬೆರೆಸಬೇಡಿ, ಚರ್ಮ ಮತ್ತು ಶ್ವಾಸನಾಳ ಉರಿಸುವ ಪೆರಾಸಿಟಿಕ್ ಆಮ್ಲ ಹುಟ್ಟುತ್ತದೆ. ಎಂಜೈಮ್ ಮತ್ತು ಪೆರಾಕ್ಸೈಡ್ ಎರಡನ್ನೂ ಬಳಸುವುದಾದರೆ ಎಂಜೈಮ್ ಮೊದಲು, ಅದು ಕೆಲಸ ಮುಗಿಸಿ ಒಣಗಿದ ಮೇಲೆ ಪೆರಾಕ್ಸೈಡ್.

ಖಂಡಿತ ಬಳಸಬಾರದವು

ಬ್ಲೀಚ್ ಬೇಡವೇ ಬೇಡ. ಉಚ್ಚೆಯ ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರ್‌ಗಳೂ ಬೇಡ, ಬೆಕ್ಕಿನ ಮೂಗಿಗೆ ಅದು ಉಚ್ಚೆಯಂತೆಯೇ ಅನಿಸಿ ಮತ್ತೆ ಅಲ್ಲೇ ಹೊಯ್ಯಬಹುದು.

ಫಿನೈಲ್ ಮತ್ತು ಫೀನಾಲ್ ಜಾತಿಯ ಕ್ರಿಮಿನಾಶಕಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನೆಲದ ಮೇಲೆ ಓಡಾಡಿ ಪಾದ ನೆಕ್ಕಿಕೊಂಡರೂ ದೇಹಕ್ಕೆ ವಿಷ ಸೇರುತ್ತದೆ. ಟೀ ಟ್ರೀ, ನೀಲಗಿರಿ, ಲವಂಗದಂಥ ಸುಗಂಧ ತೈಲಗಳೂ ಬೆಕ್ಕಿಗೆ ಆಗುವುದಿಲ್ಲ.

ಸ್ಟೀಮ್ ಕ್ಲೀನಿಂಗ್ ಮಾಡಿಸೋಣ ಎಂದು ಅನಿಸುವುದು ಸಹಜ. ಆದರೆ ಉಚ್ಚೆ ಇನ್ನೂ ಒಳಗಿರುವಾಗ ಬಿಸಿಹಬೆ ಕೊಟ್ಟರೆ ಕಲೆ, ವಾಸನೆ ಎರಡೂ ನೂಲಿಗೆ ಕಚ್ಚಿಕೊಳ್ಳುತ್ತವೆ, ಆಮೇಲೆ ಬಿಡಿಸುವುದು ಕಷ್ಟ.

ಒಣಗಿಸುವುದು, ಮತ್ತು ಅಡಿಗೆ ಇಳಿದಾಗ

ನೆಂದ ಕಾರ್ಪೆಟ್ ಒಂದೆರಡು ದಿನದೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಅದರ ಮುಗ್ಗು ವಾಸನೆ ಇನ್ನೊಂದು ತಲೆನೋವು. ಫ್ಯಾನನ್ನು ನೆಲಮಟ್ಟದಲ್ಲಿ ಇಡಿ. ಮೂಲೆಯನ್ನು ಎತ್ತಿ ಅಡಿಗೆ ಏನಾದರೂ ಕೊಟ್ಟು ಗಾಳಿ ಎರಡೂ ಕಡೆ ಆಡುವಂತೆ ಮಾಡಿ. ಒಣಗುವಾಗ ಕೆಳಗಿನ ಕಲೆ ನೂಲಿನ ಮೂಲಕ ಮೇಲೇರಿ ಮತ್ತೆ ಕಾಣಿಸಿಕೊಳ್ಳಬಹುದು. ಅದನ್ನು ತಡೆಯಲು ಹೀರಿಸಿದ ಮೇಲೆ ಒಣ ಬಿಳಿ ಟವೆಲ್ ಮಡಿಸಿ ಹಾಸಿ, ಮೇಲೆ ಭಾರದ ಪುಸ್ತಕಗಳನ್ನು ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಟವೆಲ್ಲಿನ ಅಡಿಬದಿಯಲ್ಲಿ ಕಾಣುವ ಹಳದಿ ಗುರುತು ಕಾರ್ಪೆಟ್ಟಿನಿಂದ ಮೇಲೆದ್ದು ಬಂದದ್ದು.

ಎಷ್ಟು ಸುತ್ತು ಮಾಡಿದರೂ ವಾಸನೆ ಹೋಗದಿದ್ದರೆ ಮೂಲೆಯಿಂದ ಕಾರ್ಪೆಟ್ ಎತ್ತಿ ಮೆತ್ತೆಯನ್ನು ಮೂಸಿ ನೋಡಿ. ಉಚ್ಚೆ ಕುಡಿದ ಸ್ಪಂಜಿನ ಮೆತ್ತೆಯನ್ನು ಉಳಿಸಲು ಪರದಾಡುವುದು ವ್ಯರ್ಥ. ಆ ಭಾಗವನ್ನು ಕತ್ತರಿಸಿ ಎಸೆದು ಅದೇ ದಪ್ಪದ ಹೊಸ ತುಂಡು ಕೂರಿಸುವುದೇ ಸರಿಯಾದ ದಾರಿ. ಹೊಸದು ಹಾಕುವ ಮುಂಚೆ ಕಾರ್ಪೆಟ್ಟಿನ ಬೆನ್ನಿಗೂ ನೆಲಕ್ಕೂ ಎಂಜೈಮ್ ಹಾಕಿ ಚೆನ್ನಾಗಿ ಒಣಗಿಸಿ. ಕಾಂಕ್ರೀಟ್ ನೆಲಕ್ಕೆ, ಮರದ ಹಲಗೆಗೆ ಸೂಕ್ಷ್ಮ ರಂಧ್ರಗಳಿರುವುದರಿಂದ ಅವೂ ಉಚ್ಚೆ ಕುಡಿದಿರುತ್ತವೆ. ಒಣಗಿದ ಮೇಲೂ ವಾಸನೆ ಇದ್ದರೆ ಅರಗು ಆಧಾರಿತ, ಅಂದರೆ ಶೆಲಾಕ್ ಪ್ರೈಮರ್ ಬಳಿದು ಮುಚ್ಚಬಹುದು. ಗೋಡೆಯ ಅಂಚಿನಲ್ಲಿ ಕಾರ್ಪೆಟ್ಟನ್ನು ಹಿಡಿದಿಡುವ ಮೊಳೆಯ ಮರದ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಬೆಕ್ಕುಗಳಿಗೆ ಗೋಡೆಯಂಚು ಅಚ್ಚುಮೆಚ್ಚಿನ ಜಾಗವಾದ್ದರಿಂದ ಅದು ನೆನೆದಿರುವ ಸಾಧ್ಯತೆ ಹೆಚ್ಚು. ನಾರುತ್ತಿದ್ದರೆ ಬದಲಿಸಿ.

ಉಣ್ಣೆ ಅಥವಾ ರೇಷ್ಮೆಯ ಕೈನೇಯ್ಗೆ ಕಾರ್ಪೆಟ್ಟಾದರೆ ಮೇಲಿನ ಹಲವು ಮಾತು ಅನ್ವಯಿಸುವುದಿಲ್ಲ. ಅವೆರಡೂ ಪ್ರೋಟೀನ್ ನೂಲುಗಳು. ಪ್ರೋಟೀನ್ ಒಡೆಯುವ ಕಿಣ್ವ ಬಹಳ ಹೊತ್ತು ಇದ್ದರೆ ನೂಲನ್ನೇ ತಿನ್ನುತ್ತದೆ, ಪೆರಾಕ್ಸೈಡ್ ಬಣ್ಣ ತೆಗೆಯುತ್ತದೆ, ಅಡುಗೆ ಸೋಡಾದಂಥ ಕ್ಷಾರವೂ ಒಳ್ಳೆಯದಲ್ಲ. ಹಸಿಯಾಗಿರುವಾಗಲೇ ತಣ್ಣೀರಿನಲ್ಲಿ ಎರಡೂ ಬದಿಯಿಂದ ಹೀರಿಸಿ, ಬಣ್ಣ ಬಿಡದಿದ್ದರೆ ನೀರು ಬೆರೆಸಿದ ತೆಳು ವಿನೆಗರ್ ಒಮ್ಮೆ ಹಾಕಿ, ನಂತರ ಕಾರ್ಪೆಟ್ಟನ್ನು ಪೂರ್ತಿ ಮುಳುಗಿಸಿ ತೊಳೆಯುವ ಅನುಭವಿಗಳ ಕೈಗೆ ಕೊಡಿ. ಉಚ್ಚೆ ಬಿದ್ದ ಜಾಗವನ್ನು ಅವರಿಗೆ ಮುಂಚೆಯೇ ತೋರಿಸಿ.

ಬೆಕ್ಕಿನ ಕಡೆ ನೋಡಿ

ಮಲಮೂತ್ರಕ್ಕೆಂದು ಇಟ್ಟ ಟ್ರೇ ಬಳಸುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಕಾರ್ಪೆಟ್ ಮೇಲೆ ಹೊಯ್ಯಲು ಶುರುಮಾಡಿದರೆ ಅದನ್ನು ಮೊಂಡುತನ ಎಂದುಕೊಳ್ಳಬೇಡಿ. ಮೂತ್ರಕೋಶದ ಉರಿಯೂತ, ಕಲ್ಲು, ಮಧುಮೇಹ, ಮೂತ್ರಪಿಂಡದ ತೊಂದರೆ, ವಯಸ್ಸಾದ ಬೆಕ್ಕಿಗೆ ಕೀಲುನೋವಿನಿಂದ ಟ್ರೇ ಹತ್ತಲಾಗದಿರುವುದು, ಯಾವುದೂ ಕಾರಣವಾಗಿರಬಹುದು. ಪಶುವೈದ್ಯರಿಗೆ ತೋರಿಸಿ. ಅದರಲ್ಲೂ ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಾ ಹನಿ ಕೂಡ ಬಾರದಿದ್ದರೆ ಮೂತ್ರನಾಳ ಕಟ್ಟಿರಬಹುದು. ಒಂದೆರಡು ದಿನದಲ್ಲೇ ಪ್ರಾಣಕ್ಕೆ ಕುತ್ತು ತರುವ ಸ್ಥಿತಿ ಇದು. ನಾಳೆ ನೋಡೋಣ ಎನ್ನದೆ ಆ ಕ್ಷಣವೇ ಹೊರಡಿ.

ಹೊಡೆಯುವುದು, ಮೂತಿಯನ್ನು ಒದ್ದೆಗೆ ತಿಕ್ಕುವುದು ಇವೆಲ್ಲ ಕ್ರೌರ್ಯ, ಫಲವೂ ಇಲ್ಲ. ಹೆದರಿದ ಬೆಕ್ಕು ಹೊಯ್ಯುವುದನ್ನು ನಿಲ್ಲಿಸುವುದಿಲ್ಲ, ನಿಮಗೆ ಕಾಣದ ಮೂಲೆ ಹುಡುಕುತ್ತದೆ ಅಷ್ಟೆ.

ನಿಂತು, ಬಾಲ ನೆಟ್ಟಗೆ ಮಾಡಿ ನಡುಗಿಸುತ್ತಾ ಗೋಡೆಗೆ ಚಿಮ್ಮಿಸುವುದು ಗಡಿ ಗುರುತಿಸುವ ಸ್ವಭಾವ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಬಹುಪಾಲು ಗಂಡು ಬೆಕ್ಕುಗಳಲ್ಲಿ ಇದು ನಿಲ್ಲುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ. ಹೊಸ ಬೆಕ್ಕು ಮನೆಗೆ ಬಂದದ್ದು, ಕಿಟಕಿಯಾಚೆ ಬೀದಿ ಬೆಕ್ಕು ಸುಳಿಯುವುದು ಕೂಡ ಇದನ್ನು ಕೆರಳಿಸುತ್ತದೆ.

ಆರೋಗ್ಯ ಸರಿಯಿದ್ದರೆ ಟ್ರೇ ಪರೀಕ್ಷಿಸಿ. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಲಿ, ಎಲ್ಲವನ್ನೂ ಒಂದೇ ಕಡೆ ಸಾಲಾಗಿ ಇಡಬೇಡಿ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದದ ಟ್ರೇ ಬೇಕು, ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಇದಕ್ಕಿಂತ ಚಿಕ್ಕವು. ಸುವಾಸನೆ ಇಲ್ಲದ, ನುಣ್ಣನೆಯ ಮರಳಿನಂಥ ಲಿಟರ್ (ಟ್ರೇಗೆ ತುಂಬುವ ಪುಡಿ) ಬಹುತೇಕ ಬೆಕ್ಕುಗಳಿಗೆ ಇಷ್ಟ. ಕೊಳೆಯಾದದ್ದನ್ನು ದಿನಕ್ಕೆ ಒಮ್ಮೆಯಾದರೂ ಎತ್ತಿ ತೆಗೆಯಿರಿ. ಸದ್ದು ಮಾಡುವ ವಾಷಿಂಗ್ ಮೆಷಿನ್ ಪಕ್ಕ, ಜನ ಓಡಾಡುವ ದಾರಿಯಲ್ಲಿ ಟ್ರೇ ಬೇಡ.

ತೊಳೆದ ಜಾಗ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಆ ಕೋಣೆಯಿಂದ ದೂರವಿಡಿ. ಒಣಗಿದ ಮೇಲೆ ಅದೇ ಜಾಗದಲ್ಲಿ ಕೆಲವು ವಾರ ಊಟದ ಬಟ್ಟಲು ಇಡಿ ಅಥವಾ ಅಲ್ಲೇ ಕೂತು ಅದರೊಡನೆ ಆಟವಾಡಿ. ಉಣ್ಣುವ ಕಡೆ ಬೆಕ್ಕುಗಳು ಸಾಮಾನ್ಯವಾಗಿ ಹೊಯ್ಯುವುದಿಲ್ಲ. ಬಟ್ಟಲು ತೆಗೆಯುವ ಮುಂಚೆ, ಗಾಳಿ ತೇವವಾಗಿರುವ ದಿನ ನೋಡಿ, ಬಿಸಿನೀರಲ್ಲಿ ಹಿಂಡಿದ ಬಿಳಿ ಬಟ್ಟೆಯನ್ನು ಇನ್ನೊಮ್ಮೆ ಒತ್ತಿ ಮೂಸಿ.